ಶಿವಮೊಗ್ಗದ ಹೆಸರಿಲ್ಲದ ಕುಂಚ

ಬಾಟನಿ ರೆಕಾರ್ಡಿನಲ್ಲಿ ಹೂವಿಗೆ ಶೇಡಿಂಗ್ ಕೊಟ್ಟವರಿಂದ ನಾನು ಮತ್ತೆ ಬರೆಸುತ್ತಿದ್ದೆ. ಗೆರೆ ಒಂದೇ ಸಮನೆ ಹೋಗಬೇಕು. ಅಂಡಾಶಯ ಸೀಳಿದರೆ ಎಷ್ಟು ಕೋಣೆ ಇವೆಯೋ ಅಷ್ಟೇ ಕಾಣಬೇಕು. ‘ಇದೇನು ಮೇಡಂ, ಡ್ರಾಯಿಂಗ್ ಕ್ಲಾಸಾ?’ ಎಂದು ಗೊಣಗುತ್ತಿದ್ದವರಿಗೆ ನಮ್ಮ ಶಿವಮೊಗ್ಗದ್ದೇ ಒಂದು ಹಳೆಯ ಸಂಗತಿ ಹೇಳುತ್ತಿದ್ದೆ.

ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಹ್ಯೂ ಕ್ಲೆಗಾರ್ನ್ 1840ರ ದಶಕದ ನಡುವೆ ಶಿವಮೊಗ್ಗಕ್ಕೆ ಬಂದ. ದಿನಕ್ಕೊಂದು ಗಿಡವನ್ನು ಕಾಲು ಗಂಟೆಯಾದರೂ ನೋಡು ಎಂದು ಸಸ್ಯಶಾಸ್ತ್ರಜ್ಞ ಹೂಕರ್ ಅವನಿಗೆ ಹೇಳಿದ್ದನಂತೆ. ಕಂಡದ್ದನ್ನು ಬರೆಯಲು ಒಬ್ಬ ಮರಾಠಿ ಚಿತ್ರಕಾರನನ್ನು ಇಟ್ಟುಕೊಂಡ. ಮಲೆನಾಡಿನ ಮಳೆಯಲ್ಲಿ ಗಿಡ ಒಣಗಿಸುವ ಪಾಡು ಪಟ್ಟವರಿಗೇ ಗೊತ್ತು: ರದ್ದಿ ಕಾಗದ ಎಷ್ಟು ಬದಲಾಯಿಸಿದರೂ ಬೂಷ್ಟು ಬಿಡುವುದಿಲ್ಲ. ಒಣಗಿತೆಂದರೂ ಬಣ್ಣ ಹೋಯಿತು, ಹೂವು ಚಪ್ಪಟೆಯಾಯಿತು. ಚಿತ್ರಕ್ಕೆ ಈ ಕಾಟವಿಲ್ಲ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಮಾಘದಲ್ಲಿ ಬಿಟ್ಟ ಹೂವು, ವೈಶಾಖದಲ್ಲಿ ಬಲಿತ ಕಾಯಿ, ಸೀಳಿದ ಅಂಡಾಶಯ, ಭೂತಗನ್ನಡಿಯಲ್ಲಷ್ಟೇ ಕಾಣುವ ಕೇಸರದ ರೋಮ, ಎಲ್ಲವೂ ಒಂದೇ ಹಾಳೆಯಲ್ಲಿ. ಕಾಡಿನಲ್ಲಿ ಯಾರೂ ಹಾಗೆ ಒಟ್ಟಿಗೆ ಕಂಡಿರಲಾರರು. ಆದರೂ ಇಡೀ ಪ್ರಭೇದವನ್ನು ಗುರುತಿಸಲು ಅದರಷ್ಟು ನಂಬಿಕೆಯದು ಬೇರೆ ಇಲ್ಲ. ಒಂದೇ ಗಳಿಗೆಯನ್ನು ಹಿಡಿಯುವ ಕ್ಯಾಮೆರಾಗೂ ಇದು ಸುಲಭವಲ್ಲ.

ಅದೇ ಕಾಲದಲ್ಲಿ ಮದರಾಸು ಪ್ರಾಂತ್ಯದಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್‌ಗಾಗಿ ಮೊದಲು ರಂಗಯ್ಯ, ಆಮೇಲೆ ಗೋವಿಂದು ಗಿಡಗಳನ್ನು ಬರೆದರು. ಇಬ್ಬರೂ ತಂಜಾವೂರು ಶೈಲಿಯಲ್ಲಿ ಪಳಗಿದವರೆನ್ನುತ್ತಾರೆ. ದೇವರ ಒಡವೆಯ ಒಂದು ಮುತ್ತನ್ನೂ ಬಿಡದ ಕೈಗೆ ಕೇಸರ ಎಣಿಸುವುದೇನು ಹೊಸದೇ! ಅವರ ಚಿತ್ರಗಳು ಕಲ್ಲಚ್ಚಿಗೆ ಹೋದವು. ಅಲ್ಲಿ ನಡೆಯುವುದು ರಸಾಯನಶಾಸ್ತ್ರ: ಗೆರೆ ಎಣ್ಣೆಯ ಮಸಿಯನ್ನು ಹಿಡಿಯುತ್ತದೆ, ಉಳಿದೆಡೆ ಒದ್ದೆ ಕಲ್ಲು ಅದನ್ನು ದೂಡುತ್ತದೆ. 1853ರ ಹೊತ್ತಿಗೆ ಮುಗಿದ ವೈಟ್‌ನ ಆರು ಸಂಪುಟಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಚಿತ್ರಫಲಕಗಳಿವೆ.

ವೈಟ್‌ನನ್ನು ನಾನು ಮೆಚ್ಚುವುದು ಬೇರೊಂದು ಕಾರಣಕ್ಕೆ. ಫಲಕಗಳ ಅಡಿಯಲ್ಲಿ ಚಿತ್ರಕಾರರ ಹೆಸರು ಹಾಕಿಸಿದ. ಒಂದು ಸೀತಾಳೆ ಕುಲಕ್ಕೆ ‘ಗೋವಿಂದೂಯಾ’ ಎಂದೇ ಹೆಸರಿಟ್ಟ. ನಂತರದ ಪಂಡಿತರು ಆ ಕುಲವನ್ನು ಟ್ರೊಪಿಡಿಯಾ ಎಂಬ ಇನ್ನೊಂದು ಕುಲದೊಳಗೆ ಸೇರಿಸಿದರು, ಅದು ಶಾಸ್ತ್ರದ ರೂಢಿ, ತಕರಾರಿಲ್ಲ. ಶಿವಮೊಗ್ಗದವನಿಗೆ ಅಷ್ಟೂ ದಕ್ಕಲಿಲ್ಲ. ಕ್ಲೆಗಾರ್ನ್ 1856ರಲ್ಲಿ ಮದರಾಸಿನ ಅರಣ್ಯ ಸಂರಕ್ಷಣಾಧಿಕಾರಿಯಾಗಿ ಹೆಸರು ಮಾಡಿದ; ಗಿಡ ಸೀಳಿ, ನೋಡಿ, ಬಣ್ಣ ಬೆರೆಸಿದವನು ಬರೀ ‘ಮರಾಠಿ ಚಿತ್ರಕಾರ’ನಾಗಿ ಉಳಿದ. ಸಸ್ಯಶಾಸ್ತ್ರದ ಅರ್ಧ ಕೆಲಸ ಅವನದೇ ಎಂಬುದು ನನ್ನ ಪಕ್ಕಾ ಅಭಿಪ್ರಾಯ.

ಕ್ಲೆಗಾರ್ನ್ ಸಂಗ್ರಹ ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿದೆ. ನಮ್ಮ ಜಿಲ್ಲೆಯ ಕಾಲೇಜುಗಳು ಅದರ ನಾಲ್ಕಾರು ಹಾಳೆಗಳ ಪ್ರತಿಯನ್ನಾದರೂ ತರಿಸಿ ಲ್ಯಾಬಿನಲ್ಲಿ ತೂಗುಹಾಕಲಿ. ಅಡಿಯಲ್ಲಿ ಸಾಹೇಬನ ಹೆಸರಿಗೆ ಮೊದಲು ‘ಬರೆದವನು: ಶಿವಮೊಗ್ಗದ ಚಿತ್ರಕಾರ’ ಎಂದು ಬರೆಸಲಿ.