ತೀರ್ಥರೂಪರಿಗೆ ಒಂದು ದಿನದ ಉಡುಗೊರೆ

ಊರಿನಿಂದ ತಂದೆಯವರು ಬರುತ್ತಾರೆಂದರೆ ಗುಜರಾತಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ಸಂಭ್ರಮದ ಜೊತೆಗೆ ಒಂದು ಚಿಂತೆಯೂ ಹುಟ್ಟುತ್ತದೆ. ಅವರು ಬರುವಾಗ ಹಪ್ಪಳ, ಸಂಡಿಗೆ, ಮೆಣಸಿನಪುಡಿ, ಕೊಬ್ಬರಿ, ಬೆಲ್ಲವೆಂದು ಚೀಲ ತುಂಬಿಕೊಂಡು ಬರುತ್ತಾರೆ. ಹಿಂದಿರುಗುವಾಗ ನಾವು ಏನು ಕೊಟ್ಟು ಕಳುಹಿಸಬೇಕು? ಶಾಲು ಕೊಟ್ಟರೆ ಅದು ಪೆಟ್ಟಿಗೆಯ ತಳ ಸೇರುತ್ತದೆ, ಗಡಿಯಾರ ಕೊಟ್ಟರೆ "ಈ ವಯಸ್ಸಿನಲ್ಲಿ ನನಗೇಕಪ್ಪ ಇದೆಲ್ಲ?" ಎಂದು ಮೊಮ್ಮಗನ ಕೈಗೆ ಕಟ್ಟುತ್ತಾರೆ. ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಬಂದ ಹತ್ತು ದಿನಗಳಲ್ಲೇ ಅವರಿಗೆ ಬೇಸರ ಹಿಡಿಯುತ್ತದೆ. ಮಗ ಸೊಸೆ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಉಳಿಯುವುದು ಮೂರನೆಯ ಮಹಡಿಯ ಬಾಲ್ಕನಿ ಮತ್ತು ಅರ್ಥವಾಗದ ಭಾಷೆ. ಎರಡು ತಿಂಗಳಿಗೆಂದು ಬಂದವರು ಮೂರನೆಯ ವಾರಕ್ಕೇ ರೈಲಿನ ಟಿಕೆಟಿನ ಮಾತೆತ್ತುತ್ತಾರೆ.

ಅಮೆರಿಕದಲ್ಲಿ ತಂದೆಯರಿಗೆಂದೇ ಒಂದು ದಿನವಿದೆ. ಸ್ಪೋಕೇನ್ ಎಂಬ ಪಟ್ಟಣದ ಸೊನೋರಾ ಸ್ಮಾರ್ಟ್ ಡಾಡ್ ಎಂಬ ಮಹಿಳೆ, ತಾಯಿ ತೀರಿಕೊಂಡ ಬಳಿಕ ಮಕ್ಕಳನ್ನೆಲ್ಲ ಸಾಕಿ ಬೆಳೆಸಿದ ತನ್ನ ತಂದೆಯ ನೆನಪಿನಿಂದ ಈ ಆಚರಣೆಗೆ ಯತ್ನಿಸಿದಳು. 1910ರ ಜೂನ್ 19ರಂದು ಅದು ಅಲ್ಲಿ ಮೊದಲ ಸಲ ನಡೆಯಿತು. 1972ರಲ್ಲಿ ಅಮೆರಿಕ ಸರಕಾರ ಜೂನ್ ತಿಂಗಳ ಮೂರನೆಯ ಭಾನುವಾರವನ್ನು ಅಧಿಕೃತವಾಗಿ ಒಪ್ಪಿಕೊಂಡಿತು. ಈಗ ನಮ್ಮ ನಗರಗಳ ಅಂಗಡಿಗಳಲ್ಲೂ ಆ ದಿನದ ಜಾಹೀರಾತು ಕಾಣುತ್ತದೆ. ವಸ್ತುವಿಗಿಂತ ಅನುಭವವನ್ನೇ ಉಡುಗೊರೆಯಾಗಿ ಕೊಡಿರಿ ಎಂಬುದು ಹೊಸ ಸಲಹೆ. ನಮ್ಮವರಿಗೆ ಇದು ಹೊಸ ಮಾತೇನಲ್ಲ. ತಂದೆಗೆ ಕಾಗದ ಬರೆಯುವಾಗ "ತೀರ್ಥರೂಪ" ಎಂದು ಸಂಬೋಧಿಸಿದ ಜನ ನಾವು. ವಯಸ್ಸಾದ ತಂದೆತಾಯಿಗಳನ್ನು ಕಾಶಿಗೋ ರಾಮೇಶ್ವರಕ್ಕೋ ಕರೆದುಕೊಂಡು ಹೋಗುವುದು ಮಕ್ಕಳ ಕರ್ತವ್ಯವೆಂದು ತಿಳಿದವರು.

ಕಾಶಿಗೆ ಹೋಗಲು ಎಲ್ಲರಿಗೂ ರಜೆ ಸಿಕ್ಕದು. ಆದರೆ ಅಹಮದಾಬಾದು, ವಡೋದರಾ, ಸೂರತ್‌ಗಳಲ್ಲಿರುವ ನಮಗೆ ಒಂದೊಂದು ದಿನದಲ್ಲೇ ಮುಗಿಯುವ ಯಾತ್ರೆಗಳು ಹಲವಾರಿವೆ. ಅವುಗಳ ವಿಶೇಷವೇನೆಂದರೆ, ಅಲ್ಲಿ ತಂದೆಯವರು ನೋಡುವುದು ಪರದೇಶವನ್ನಲ್ಲ, ತಮ್ಮ ನಾಡಿನದೇ ಚರಿತ್ರೆಯ ಒಂದು ತುಣುಕನ್ನು. ಯಾವ ತಂದೆಗೆ ಯಾವ ದಿನ ಒಪ್ಪುತ್ತದೆಂಬುದನ್ನು ವಿಚಾರಿಸೋಣ.

ವಡೋದರಾ: ಆಲದ ಹಳ್ಳಿಯ ತಾಮ್ರಪಟ

ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ತಂದೆಯವರಿದ್ದರೆ ಮೊದಲು ವಡೋದರಾ. ಈ ನಗರದ ಹೆಸರು ಚರಿತ್ರೆಯಲ್ಲಿ ಮೊದಲು ಕಾಣಿಸಿಕೊಳ್ಳುವುದೇ ನಮ್ಮ ರಾಷ್ಟ್ರಕೂಟರ ತಾಮ್ರಶಾಸನದಲ್ಲಿ. ಶಕ 734, ಅಂದರೆ ಕ್ರಿ.ಶ. 812ರಲ್ಲಿ, ಲಾಟ ದೇಶವನ್ನು ಆಳುತ್ತಿದ್ದ ರಾಷ್ಟ್ರಕೂಟ ಶಾಖೆಯ ಕರ್ಕ ಸುವರ್ಣವರ್ಷನು ಭಾನುಭಟ್ಟನೆಂಬ ಬ್ರಾಹ್ಮಣನಿಗೆ ವಡಪದ್ರಕವೆಂಬ ಹಳ್ಳಿಯನ್ನು ದಾನ ಕೊಟ್ಟನು. ಆಲದ ಮರಗಳ ಆ ಹಳ್ಳಿಯೇ ಇಂದಿನ ವಡೋದರಾ. ಅದು ಅಂಕೋಟ್ಟಕದ ಎಂಬತ್ತನಾಲ್ಕು ಹಳ್ಳಿಗಳಲ್ಲಿ ಒಂದೆಂದು ಶಾಸನ ಹೇಳುತ್ತದೆ. ಅಂಕೋಟ್ಟಕವೆಂದರೆ ಇಂದು ನಗರದೊಳಗೇ ಸೇರಿಹೋಗಿರುವ ಅಕೋಟಾ. ಗುರ್ಜರ ರಾಜನ ದಿಕ್ಕಿಗೆ ಕರ್ಕನ ತೋಳನ್ನು ಸಾಮ್ರಾಟನು ಬಾಗಿಲಿನ ಅಗುಳಿಯಂತೆ ಇರಿಸಿದ್ದನೆಂಬ ವರ್ಣನೆಯೂ ಅದರಲ್ಲಿ ಬರುತ್ತದೆ.

ಆ ಸಾಮ್ರಾಟನು ಕರ್ಕನ ದೊಡ್ಡಪ್ಪನಾದ ಮೂರನೆಯ ಗೋವಿಂದ. ಉತ್ತರದ ದಂಡಯಾತ್ರೆಯಿಂದ ಹಿಂದಿರುಗುವಾಗ ಅವನು ಮಳೆಗಾಲವನ್ನು ಶ್ರೀಭವನವೆಂಬ ಊರಿನಲ್ಲಿ ಕಳೆದನು. ಅಲ್ಲಿ, ಸುಮಾರು 800ರಲ್ಲಿ, ಅವನಿಗೊಬ್ಬ ಮಗ ಹುಟ್ಟಿದನು. ಭರೂಚ್ ಜಿಲ್ಲೆಯ ಸರಭಾಣ್ ಎಂಬುದೇ ಆ ಶ್ರೀಭವನವೆಂದು ವಿದ್ವಾಂಸರು ಗುರುತಿಸಿದ್ದಾರೆ. ಈ ಜನನದ ಸಂಗತಿಯನ್ನು ತಿಳಿಸುವ 871ರ ತಾಮ್ರಶಾಸನ ದೊರೆತದ್ದೂ ಗುಜರಾತಿನ ಸಂಜಾಣದಲ್ಲಿಯೇ. ಆ ಮಗುವೇ ಅಮೋಘವರ್ಷ ನೃಪತುಂಗ.

ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗ ಇವನ ಆಸ್ಥಾನದಲ್ಲಿ ಹುಟ್ಟಿತು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು ಸಾರಿದ ಗ್ರಂಥವದು. ಅದಕ್ಕೆ ಆಶ್ರಯ ಕೊಟ್ಟ ಅರಸನು ಮಾತ್ರ ಆ ಎಲ್ಲೆಯ ಬಹಳ ಆಚೆ, ನರ್ಮದೆಯ ಉತ್ತರಕ್ಕೆ ಹುಟ್ಟಿದವನು! ಇಲ್ಲಿ ಹುಟ್ಟಿದ ಮೊಮ್ಮಕ್ಕಳು ಕನ್ನಡಿಗರಾಗಿ ಉಳಿಯುವರೋ ಇಲ್ಲವೋ ಎಂದು ಕೊರಗುವ ಅಜ್ಜಂದಿರಿಗೆ ಇದಕ್ಕಿಂತ ಸಮಾಧಾನದ ಮಾತು ಇನ್ನಾವುದಿದೆ?

ಕಥೆ ಇಲ್ಲಿಗೆ ಮುಗಿಯಲಿಲ್ಲ. 814ರಲ್ಲಿ ಗೋವಿಂದನು ತೀರಿಕೊಂಡಾಗ ನೃಪತುಂಗನಿಗೆ ಹದಿನಾಲ್ಕರ ಆಸುಪಾಸಿನ ವಯಸ್ಸು. ಸಾಮಂತರು ದಂಗೆಯೆದ್ದರು, ಹುಡುಗ ಸಿಂಹಾಸನ ಕಳೆದುಕೊಂಡನು. ಅವನನ್ನು ಮರಳಿ ಕೂರಿಸಿದವನು ಇದೇ ಲಾಟದ ಕರ್ಕ. ಸೂರತ್ ಶಾಸನವೆಂದು ಹೆಸರಾದ 821ರ ತಾಮ್ರಪಟದ ಹೊತ್ತಿಗೆ ಆ ಕಾರ್ಯ ಮುಗಿದಿತ್ತು. ತಂದೆಯಿಲ್ಲದ ಹುಡುಗನಿಗೆ ತಂದೆಯ ಸ್ಥಾನದಲ್ಲಿ ನಿಂತವನು ಗುಜರಾತಿನಲ್ಲಿದ್ದ ಬಂಧುವೆಂಬುದನ್ನು ನಾವು ಮರೆಯಬಾರದು.

ಸಯಾಜಿ ಬಾಗಿನಲ್ಲಿರುವ ವಡೋದರಾ ವಸ್ತುಸಂಗ್ರಹಾಲಯದಲ್ಲಿ ಅಕೋಟಾದಲ್ಲಿ ದೊರೆತ ಜೈನ ಕಂಚಿನ ಮೂರ್ತಿಗಳಿವೆ. ರಾಷ್ಟ್ರಕೂಟರ ಕಾಲಕ್ಕೂ ಮುಂಚಿನ ಗುಪ್ತರ ಕಾಲದಿಂದ ಮೊದಲ್ಗೊಂಡು ಹಲವು ಶತಮಾನಗಳ ಮೂರ್ತಿಗಳು ಅಲ್ಲಿವೆ. ಶ್ರವಣಬೆಳಗೊಳ, ಮೂಡಬಿದಿರೆಗಳನ್ನು ಕಂಡ ತಂದೆಯವರು ಅವುಗಳ ಮುಂದೆ ಬಹಳ ಹೊತ್ತು ನಿಲ್ಲುವರು.

ಸಂಗೀತಪ್ರಿಯರಾದ ತಂದೆಯವರಿಗೂ ವಡೋದರಾವೇ ಸರಿ. ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಕಲಿತು ಅರಸರಿಂದ ಸನ್ಮಾನ ಪಡೆದ ಮೌಲಾಬಕ್ಷ್ ಅವರು 1886ರಲ್ಲಿ ಸಯಾಜಿರಾಯರ ಆಶ್ರಯದಲ್ಲಿ ಇಲ್ಲಿ ಸಂಗೀತ ಶಾಲೆಯನ್ನು ತೆರೆದರು. ಅದೇ ಶತಮಾನದ ಕೊನೆಯಲ್ಲಿ ಈ ಆಸ್ಥಾನದ ಗಾಯಕರಾಗಿದ್ದ ಅಬ್ದುಲ್ ಕರೀಂ ಖಾನರು ಮುಂದೆ ಕುಂದಗೋಳದ ರಾಮಭಾವು ಅವರಿಗೆ, ಅಂದರೆ ಸವಾಯಿ ಗಂಧರ್ವರಿಗೆ ಗುರುಗಳಾದರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ಧಾರವಾಡದ ಕಡೆಯ ತಂದೆಯವರಿಗೆ ಈ ಊರು ಹೇಗೆ ತಾನೆ ಪರಕೀಯವಾದೀತು?

ಅಹಮದಾಬಾದು: ಕನ್ನಡ ನಾಡಿನ ಸೊಸೆ

ಅಹಮದ್ ಷಹನು 1411ರಲ್ಲಿ ಅಹಮದಾಬಾದನ್ನು ಸ್ಥಾಪಿಸುವುದಕ್ಕೆ ಮುಂಚೆ ಸಾಬರಮತಿಯ ದಡದಲ್ಲಿ ಕರ್ಣಾವತಿಯೆಂಬ ಊರಿತ್ತು. ಅದನ್ನು ಕಟ್ಟಿದವನು ಹನ್ನೊಂದನೆಯ ಶತಮಾನದ ಸೋಲಂಕಿ ಅರಸ ಕರ್ಣದೇವ. ಅವನ ರಾಣಿ ಮಯಣಲ್ಲದೇವಿ ಕದಂಬ ವಂಶದ ಜಯಕೇಶಿಯ ಮಗಳು. ಗೋವೆಯ ಕದಂಬರೆಂದು ಪ್ರಸಿದ್ಧರಾದ ಈ ಅರಸರು ಬೆಳಗಾವಿ ಜಿಲ್ಲೆಯ ಹಲಸಿಯಿಂದಲೂ ಆಳಿದವರು, ಕನ್ನಡದಲ್ಲಿ ಶಾಸನ ಹಾಕಿಸಿದವರು. ಗುಜರಾತಿನ ಜನ ಈ ರಾಣಿಯನ್ನು ಮೀನಳದೇವಿ ಎಂದು ಕರೆದು ಇಂದಿಗೂ ನೆನೆಯುತ್ತಾರೆ. ಗುಜರಾತಿನ ಅತಿ ಹೆಸರಾದ ದೊರೆ ಸಿದ್ಧರಾಜ ಜಯಸಿಂಹ ಇವಳ ಮಗ.

1305ರ ಸುಮಾರಿಗೆ ಮೇರುತುಂಗನು ಬರೆದ ಪ್ರಬಂಧಚಿಂತಾಮಣಿಯಲ್ಲಿ ಒಂದು ಕಥೆಯಿದೆ. ರಾಣಿಯು ಸೋಮನಾಥನ ಯಾತ್ರೆಗೆ ಹೊರಟಾಗ ಬಾಹುಲೋಡವೆಂಬ ಸುಂಕದ ಕಟ್ಟೆಯಲ್ಲಿ, ಕರ ಕೊಡಲಾರದ ಬಡ ಯಾತ್ರಿಕರು ಅಳುತ್ತ ಹಿಂದಿರುಗುವುದನ್ನು ಕಂಡಳು. ತಾನೂ ಮುಂದೆ ಹೋಗದೆ ಮರಳಿದಳು. ಮಗನು ಕಾರಣ ಕೇಳಿ ತಿಳಿದು, ಎಪ್ಪತ್ತೆರಡು ಲಕ್ಷದ ಉತ್ಪನ್ನವಿದ್ದ ಆ ಕರದ ಪತ್ರವನ್ನೇ ಹರಿದು, ತಾಯಿಯ ಕೈಗೆ ನೀರೆರೆದು ಅದನ್ನು ಬಿಟ್ಟುಕೊಟ್ಟನು. ಮಗ ತಾಯಿಗೆ ಕೊಟ್ಟ ಉಡುಗೊರೆಯೆಂದರೆ ಇದು! ಒಡವೆಯಲ್ಲ, ವಸ್ತ್ರವಲ್ಲ, ಒಂದು ದಾರಿಯನ್ನು ತೆರೆದದ್ದು.

ಅಹಮದಾಬಾದಿನಿಂದ ಸುಮಾರು ನಲವತ್ತು ಕಿಲೋಮೀಟರು ದೂರದ ಧೋಳ್ಕಾದಲ್ಲಿ ಅವಳು ಕಟ್ಟಿಸಿದಳೆನ್ನುವ ಮಲಾವ್ ಕೆರೆಯಿದೆ. ಕೆರೆಯ ಅಂಚಿನಲ್ಲಿ ಒಬ್ಬ ಹೆಂಗಸಿನ ಮನೆಯಿತ್ತಂತೆ. ಎಷ್ಟು ಹಣ ಕೊಡುತ್ತೇವೆಂದರೂ ಅವಳು ಒಪ್ಪಲಿಲ್ಲವಂತೆ. ರಾಣಿ ಬಲಾತ್ಕಾರ ಮಾಡದೆ, ಕೆರೆಯ ಆಕಾರ ಕೆಟ್ಟರೂ ಚಿಂತೆಯಿಲ್ಲವೆಂದು ಮನೆಯನ್ನು ಹಾಗೆಯೇ ಉಳಿಸಿದಳು. ನ್ಯಾಯವನ್ನು ನೋಡಬೇಕಾದರೆ ಮಲಾವ್ ಕೆರೆಯನ್ನು ನೋಡೆಂಬ ಗಾದೆ ಗುಜರಾತಿಯಲ್ಲಿ ಹುಟ್ಟಿದ್ದು ಹೀಗೆ. ಹೊಲಗದ್ದೆ, ಕೆರೆಕಟ್ಟೆಗಳ ನಡುವೆ ಬದುಕಿದ ತಂದೆಯವರಿಗೆ ನಗರದ ಎತ್ತರದ ಕಟ್ಟಡಗಳಿಗಿಂತ ಈ ಕೆರೆಯೇ ಮೆಚ್ಚುಗೆಯಾದೀತು. ಇನ್ನೊಂದು ದಿನ ಬಿಡುವಿದ್ದರೆ ಪಾಟಣಕ್ಕೆ ಹೋಗಬಹುದು. 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅಲ್ಲಿಯ ರಾಣಿ ಕೀ ವಾವ್ ಈ ಮೀನಳದೇವಿಯ ಅತ್ತೆ ಉದಯಮತಿ ಕಟ್ಟಿಸಿದ ಮೆಟ್ಟಿಲುಬಾವಿ.

ಉಡುಪಿಯ ಕಡೆಯವರಾದರೆ ಅಹಮದಾಬಾದಿನ ಭೌತಿಕ ಸಂಶೋಧನಾಲಯದ ದಾರಿಯಲ್ಲಿ ಒಮ್ಮೆ ಕರೆದೊಯ್ಯಬೇಕು. ಅದಮಾರಿನ ಯು.ಆರ್. ರಾವ್ ಅವರು ವಿಕ್ರಮ್ ಸಾರಾಭಾಯಿಯವರ ಶಿಷ್ಯರಾಗಿ ಇಲ್ಲಿ ಸಂಶೋಧನೆ ನಡೆಸಿ 1960ರಲ್ಲಿ ಗುಜರಾತ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು. 1975ರ ಏಪ್ರಿಲ್ 19ರಂದು ಆಕಾಶಕ್ಕೇರಿದ ಆರ್ಯಭಟ ಉಪಗ್ರಹದ ಹೊಣೆ ಹೊತ್ತವರು ಅವರೇ.

ಸಾಬರಮತಿಯಿಂದ ಸೂರತ್ ಕಡೆಗೆ

ಸ್ವಾತಂತ್ರ್ಯದ ಕಥೆಗಳನ್ನು ಕೇಳಿ ಬೆಳೆದ ತಂದೆಯವರಿಗೆ ಸಾಬರಮತಿ ಆಶ್ರಮವನ್ನು ತೋರಿಸದವರಿಲ್ಲ. ಆದರೆ ಅಲ್ಲಿ ಒಂದು ಹೆಸರನ್ನು ನೆನಪಿಸಲು ಮರೆಯುತ್ತೇವೆ. 1930ರ ಮಾರ್ಚ್ 12ರಂದು ಗಾಂಧೀಜಿಯವರೊಡನೆ ದಾಂಡಿಗೆ ಹೊರಟ 78 ಮಂದಿಯಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನಿದ್ದನು. ಇನ್ನೂ ಹತ್ತೊಂಬತ್ತು ತುಂಬದ ಹುಡುಗ. ಸುಮಾರು 385 ಕಿಲೋಮೀಟರು ನಡೆದ ಆ ತಂಡ ಸೂರತ್ ನಗರವನ್ನು ಹಾದು ಏಪ್ರಿಲ್ 5ರಂದು ದಾಂಡಿ ತಲುಪಿತು. ಮರುದಿನ ಬೆಳಿಗ್ಗೆ ಗಾಂಧೀಜಿ ಉಪ್ಪನ್ನು ಎತ್ತಿದರು. ಮಹಾದೇವಪ್ಪನು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೋಲೀಸರ ಗುಂಡಿಗೆ ಬಲಿಯಾದನು.

ಸೂರತ್‌ನಲ್ಲಿರುವವರಿಗೆ ದಾಂಡಿ ದೂರವಲ್ಲ, ನವಸಾರಿಯ ಬಳಿಯ ಸಮುದ್ರತೀರ. 2019ರ ಜನವರಿ 30ರಂದು ಅಲ್ಲಿ ಉದ್ಘಾಟನೆಯಾದ ಸ್ಮಾರಕದಲ್ಲಿ ಗಾಂಧೀಜಿಯೊಡನೆ ನಡೆದವರ ಪ್ರತಿಮೆಗಳ ಸಾಲಿದೆ. ಹಾವೇರಿ, ಧಾರವಾಡಗಳ ಕಡೆಯ ತಂದೆಯವರು ಅಲ್ಲಿ ನಿಂತು ಮಹಾದೇವಪ್ಪನ ಕಥೆಯನ್ನು ಮೊಮ್ಮಕ್ಕಳಿಗೆ ಹೇಳಲಿ. ಉತ್ತರ ಕನ್ನಡದವರಾದರೆ ಬಾರ್ಡೋಲಿಗೆ ಹೋಗಬೇಕು. 1928ರ ಕರನಿರಾಕರಣೆಯಲ್ಲಿ ವಲ್ಲಭಭಾಯಿಯವರನ್ನು ಸರದಾರರನ್ನಾಗಿ ಮಾಡಿದ ತಾಲೂಕು ಅದು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಅದರಿಂದಲೇ. ಎಂಜಿನಿಯರ್ ಕೆಲಸ ಮಾಡಿದ ತಂದೆಯವರಿಗೆ ಸೂರತ್‌ನ ತಾಪಿಯ ದಡವೇ ಸಾಕು. ಮುಂಬಯಿ ಸರಕಾರದ ಸೇವೆಯಲ್ಲಿದ್ದ ವಿಶ್ವೇಶ್ವರಯ್ಯನವರು 1890ರ ದಶಕದಲ್ಲಿ ಈ ಊರಿನಲ್ಲಿ ಕೆಲಸ ಮಾಡಿದವರು.

ಅಂದಿನ ಮುಂಬಯಿ ಪ್ರಾಂತದಲ್ಲಿ ಅಹಮದಾಬಾದು, ಸೂರತ್‌ಗಳೂ ಇದ್ದವು, ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳೂ ಇದ್ದವು. 1949ರಲ್ಲಿ ವಡೋದರಾ ಸಂಸ್ಥಾನವೂ ಮುಂಬಯಿಯೊಳಗೆ ಸೇರಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. 1960ರ ಮೇ 1ರಂದು ಗುಜರಾತ್ ಬೇರೆ ರಾಜ್ಯವಾಯಿತು. ಉತ್ತರ ಕರ್ನಾಟಕದ ಹಿರಿಯ ತಂದೆಯವರು ಹುಟ್ಟಿದಾಗ ಈ ನಗರಗಳು ಅವರ ಪ್ರಾಂತದವೇ ಆಗಿದ್ದವೆಂಬುದನ್ನು ಅವರಿಗೇ ನೆನಪಿಸಬೇಕಾಗಿದೆ.

ಆರಿಸುವ ಬಗೆ

ಇನ್ನು ಆರಿಸುವ ವಿಷಯ. ಜೂನ್ ತಿಂಗಳ ಬಿಸಿಲು ಸೆಕೆಗಳಲ್ಲಿ ವಯಸ್ಸಾದವರನ್ನು ಸುತ್ತಾಡಿಸುವುದು ಉಡುಗೊರೆಯಲ್ಲ, ಶಿಕ್ಷೆ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲ ಉತ್ತಮ. ಒಂದು ದಿನಕ್ಕೆ ಒಂದೇ ಸ್ಥಳ ಸಾಕು. ಮೊಣಕಾಲು ನೋವಿದ್ದವರಿಗೆ ಮೆಟ್ಟಿಲುಬಾವಿಗಿಂತ ವಸ್ತುಸಂಗ್ರಹಾಲಯ ಲೇಸು. ಬಾಡಿಗೆ ಕಾರು ಗೊತ್ತುಮಾಡಿ ಅವರನ್ನಷ್ಟೇ ಕಳುಹಿಸಿದರೆ ಪ್ರಯೋಜನವಿಲ್ಲ. ಆ ದಿನ ನಾವು ರಜೆ ಹಾಕಿ ಜೊತೆಗಿರಬೇಕು. ಬುತ್ತಿಗೆ ಚಪಾತಿ, ಮೊಸರನ್ನ ಇದ್ದರೆ ಸಾಕು. ಮೊಮ್ಮಕ್ಕಳಂತೂ ಇರಲೇಬೇಕು.

ಏಕೆಂದರೆ ಈ ಉಡುಗೊರೆಯ ಮುಖ್ಯಾಂಶ ನೋಡುವುದಲ್ಲ, ಹೇಳುವುದು. ನೃಪತುಂಗ, ಮೈಲಾರ ಮಹಾದೇವ, ಸವಾಯಿ ಗಂಧರ್ವ ಎಂಬ ಹೆಸರುಗಳು ನಮ್ಮ ಮಕ್ಕಳ ಗುಜರಾತಿ, ಇಂಗ್ಲಿಷ್ ಪಾಠಗಳಲ್ಲಿ ಸಿಕ್ಕುವುದು ಅಪರೂಪ. ಅವು ತಂದೆಯವರ ನಾಲಗೆಯ ಮೇಲಿವೆ. ಬಾಲ್ಕನಿಯಲ್ಲಿ ಸುಮ್ಮನೆ ಕುಳಿತ ಅತಿಥಿಯಾಗಿದ್ದವರು ಅಂದು ಮೊಮ್ಮಕ್ಕಳಿಗೆ ಕನ್ನಡದಲ್ಲಿ ಕಥೆ ಹೇಳುವ ಗುರುವಾಗುತ್ತಾರೆ. ಇಲ್ಲಿಯೇ ದುಡಿದು ನಿವೃತ್ತರಾದ ನಮ್ಮ ಸಂಘದ ಹಿರಿಯರಿಗೂ ಈ ಮಾತು ಸಲ್ಲುತ್ತದೆ.

ಊರಿಗೆ ಮರಳಿದ ಮೇಲೆ ಜಗಲಿಯಲ್ಲಿ ನಾಲ್ಕು ಜನ ಕೇಳುತ್ತಾರೆ, "ಮಗನ ಊರು ಹೇಗಿದೆ?" ಎಂದು. "ಎಲ್ಲೋ ದೂರದ ದೇಶ, ನಮ್ಮವರು ಯಾರೂ ಇಲ್ಲ" ಎಂದು ಅವರು ಹೇಳಬೇಕೆ, "ಸಾವಿರದ ಇನ್ನೂರು ವರ್ಷಗಳಿಂದ ನಮ್ಮವರು ಬಾಳಿದ ಊರು" ಎಂದು ಹೇಳಬೇಕೆ ಎಂಬುದು ನಾವು ಅವರಿಗೆ ಕೊಡುವ ಆ ಒಂದು ದಿನದ ಮೇಲೆ ನಿಂತಿದೆ.