‘ಶುಲ್ಕ’ ಎಂಬ ಹೆಸರು, ಬಡ್ಡಿಯ ಲೆಕ್ಕ

ಹಿಜರಿ 10ರಲ್ಲಿ ಪ್ರವಾದಿ(ಸ) ಅರಫಾದಲ್ಲಿ ವಿದಾಯದ ಖುತ್ಬಾ ನೀಡಿದಾಗ ಜಾಹಿಲಿಯ್ಯ ಕಾಲದ ಬಡ್ಡಿಯನ್ನೆಲ್ಲ ರದ್ದುಗೊಳಿಸಿದರು. ಮೊದಲು ರದ್ದಾದದ್ದು ಪರರ ಬಡ್ಡಿಯಲ್ಲ, ಸ್ವಂತ ಚಿಕ್ಕಪ್ಪ ಅಬ್ಬಾಸ್(ರ)ರಿಗೆ ಬರಬೇಕಿದ್ದ ಬಡ್ಡಿ. ಆ ಕಾಲದ ಪದ್ಧತಿಯನ್ನು ಮುಫಸ್ಸಿರರು ವಿವರಿಸಿದ್ದಾರೆ: ವಾಯಿದೆ ಮುಗಿದಾಗ ಸಾಲಗಾರನಿಗೆ ಎರಡೇ ದಾರಿ. ತೀರಿಸಬೇಕು, ಇಲ್ಲವೇ ಮೊತ್ತ ಹೆಚ್ಚಿಸಲು ಒಪ್ಪಬೇಕು.

ಅದೇ ಲೆಕ್ಕ ಇಂದು ಮಕ್ಕಳ ಕಾಲೇಜಿನ ಹೆಸರಿನಲ್ಲಿ ತಂದೆತಾಯಿಯ ಹೆಗಲೇರಿದೆ. ಅಮೆರಿಕ ಸರಕಾರದ ‘ಪೇರೆಂಟ್ ಪ್ಲಸ್’ ಸಾಲ ಇದಕ್ಕೆ ಸ್ಪಷ್ಟ ಉದಾಹರಣೆ. ಅಲ್ಲಿನ ಪೌರತ್ವ ಅಥವಾ ಗ್ರೀನ್ ಕಾರ್ಡ್ ಪಡೆದು ನೆಲೆಸಿರುವ ನಮ್ಮ ನಾಡಿನ ಕುಟುಂಬಗಳ ಮುಂದೆಯೂ ಈ ಅರ್ಜಿ ಬರುತ್ತದೆ.

ಈ ಸಾಲ ಆರಂಭವಾದದ್ದು 1980ರ ಕಾನೂನಿನಿಂದ. ಆಗ ವರ್ಷಕ್ಕೆ 3,000 ಡಾಲರ್ ಮಿತಿಯಿತ್ತು. 1993ರಿಂದ ಆ ಮಿತಿ ಹೋಯಿತು. ಇತರ ನೆರವು ಕಳೆದು ಕಾಲೇಜಿನ ಪೂರ್ತಿ ಖರ್ಚಿನಷ್ಟೂ ಸಾಲ ಪಡೆಯಬಹುದಾಯಿತು. ಹಳೆಯ ಸಾಲಗಳಲ್ಲಿ ದೊಡ್ಡ ಬಾಕಿ ಇದೆಯೇ ಎಂದು ನೋಡುತ್ತಾರೆ. ತೀರಿಸುವಷ್ಟು ಆದಾಯವಿದೆಯೇ ಎಂದು ನೋಡುವುದಿಲ್ಲ. 2013ರ ಕಾನೂನು ಬಡ್ಡಿದರವನ್ನು ಸರಕಾರದ 10 ವರ್ಷದ ಸಾಲಪತ್ರದ ದರಕ್ಕೆ ಶೇ. 4.6 ಸೇರಿಸಿ ನಿಗದಿಪಡಿಸಿತು. ಗರಿಷ್ಠ ಶೇ. 10.5. ಸಾಲ ಪಡೆದ ವರ್ಷದ ದರವೇ ಕೊನೆಯವರೆಗೂ ಇರುತ್ತದೆ. 2025ರ ಜುಲೈಯಿಂದ ಒಂದು ವರ್ಷದ ಅವಧಿಗೆ ಅದು ಶೇ. 8.94.

ಬಡ್ಡಿಯ ಜೊತೆಗೆ ಒಂದು ‘ಆರಂಭ ಶುಲ್ಕ’ವೂ ಇದೆ. 1981ರಲ್ಲಿ ಸರಕಾರದ ಖರ್ಚು ತಗ್ಗಿಸಲೆಂದು ವಿದ್ಯಾರ್ಥಿ ಸಾಲಗಳ ಮೇಲೆ ಶೇ. 5ರ ಇಂಥ ಶುಲ್ಕ ಬಂದಿತ್ತು. ಪೇರೆಂಟ್ ಪ್ಲಸ್‌ಗೆ 2020ರ ಅಕ್ಟೋಬರ್‌ನಿಂದ ಅದು ಶೇ. 4.228. 10,000 ಡಾಲರ್ ಸಾಲಕ್ಕೆ 422.80 ಡಾಲರ್ ಮೊದಲೇ ಮುರಿದುಕೊಳ್ಳುತ್ತಾರೆ. ಕಾಲೇಜಿಗೆ ತಲುಪುವುದು 9,577.20. ಬಡ್ಡಿ ಬೀಳುವುದು ಮಾತ್ರ ಪೂರ್ತಿ 10,000ಕ್ಕೆ, ಅದೂ ಹಣ ಬಿಡುಗಡೆಯಾದ ದಿನದಿಂದಲೇ. ಮಗನ ಓದು ಮುಗಿಯಲಿ ಎಂದು ನಾಲ್ಕು ವರ್ಷ ಕಂತು ಮುಂದೂಡಿದರೆ 3,576 ಡಾಲರ್ ಬಡ್ಡಿ ಸೇರುತ್ತದೆ. ಮುಂದೂಡಿದ ಅವಧಿ ಮುಗಿದಾಗ ಆ ಬಡ್ಡಿಯೂ ಅಸಲಾಗಿ, ಅದಕ್ಕೂ ಬಡ್ಡಿ ಶುರುವಾಗುತ್ತದೆ. ಜಾಹಿಲಿಯ್ಯದ ಲೆಕ್ಕಕ್ಕೂ ಇದಕ್ಕೂ ಎಷ್ಟು ಅಂತರವಿದೆ?

ಹಾಗಾದರೆ ಸಾಲ ಕೊಡುವವರು ಶುಲ್ಕ ಪಡೆಯಲೇಬಾರದೇ? 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಇದೇ ಪ್ರಶ್ನೆಯನ್ನು ಚರ್ಚಿಸಿತು. ಸಾಲದ ನಿರ್ವಹಣೆಗೆ ನಿಜವಾಗಿ ತಗಲುವ ಖರ್ಚಿನಷ್ಟು ಸೇವಾಶುಲ್ಕ ಪಡೆಯಬಹುದು. ಅದಕ್ಕಿಂತ ಹೆಚ್ಚಿನದು ರಿಬಾ ಎಂದು ತೀರ್ಮಾನಿಸಿತು. ಈ ಅಳತೆಗೋಲು ಹಿಡಿದು ನೋಡಿ. ಸಾಲ 20,000 ಆದರೆ ಶುಲ್ಕ 845.60 ಆಗುತ್ತದೆ. ಕಾಗದದ ಕೆಲಸವೂ ಇಮ್ಮಡಿಯಾಯಿತೇ? ಸಾಲದ ಮೊತ್ತದೊಂದಿಗೆ ಏರುವ ಶುಲ್ಕ ಖರ್ಚಿನ ಲೆಕ್ಕವಲ್ಲ. ಹೆಸರು ಬದಲಾದ ಮಾತ್ರಕ್ಕೆ ವಸ್ತು ಬದಲಾಗದು.

2025ರ ಕಾನೂನು ಮತ್ತೆ ಮಿತಿ ತಂದಿದೆ. 2026ರ ಜುಲೈಯಿಂದ ಹೊಸದಾಗಿ ಸಾಲ ಮಾಡುವವರಿಗೆ ಒಬ್ಬ ವಿದ್ಯಾರ್ಥಿಯ ಹೆಸರಿನಲ್ಲಿ ವರ್ಷಕ್ಕೆ 20,000, ಒಟ್ಟು 65,000 ಡಾಲರ್. ಹೊರೆಗೆ ಮಿತಿ ಬಂತು, ಬಡ್ಡಿ ಹೋಗಲಿಲ್ಲ. ಈ ಸಾಲ ಮಗನದ್ದಲ್ಲ, ಸಹಿ ಹಾಕಿದ ತಂದೆಯದ್ದು ಅಥವಾ ತಾಯಿಯದ್ದು ಎಂಬುದೂ ನೆನಪಿರಲಿ. ದುಡಿಮೆ ನಿಲ್ಲುವ ವಯಸ್ಸಿನಲ್ಲೂ ಅದು ಅವರನ್ನು ಬಿಡದು.

ಪವಿತ್ರ ಕುರ್‌ಆನಿನ ಅತಿ ದೀರ್ಘ ಆಯತ್ ಸಾಲವನ್ನು ಬರೆದಿಡುವ ಕುರಿತಾದದ್ದು. ಆದ್ದರಿಂದ ಇಲ್ಲಾಗಲಿ ಅಲ್ಲಾಗಲಿ, ಸಹಿಗೆ ಮೊದಲು ಕೇಳಿ: ಕೈಗೆ ಬರುವುದೆಷ್ಟು, ಶುಲ್ಕ ಯಾವ ಖರ್ಚಿಗೆ, ಕೊನೆಗೆ ತೆರುವುದೆಷ್ಟು? ವಿದ್ಯಾರ್ಥಿವೇತನ, ಕಡಿಮೆ ಖರ್ಚಿನ ಕಾಲೇಜು, ಜಮಾಅತಿನ ಬಡ್ಡಿರಹಿತ ನಿಧಿ, ಈ ಬಾಗಿಲುಗಳನ್ನು ಮೊದಲು ತಟ್ಟೋಣ.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ ನಮ್ಮ ಮನೆಗಳಿಗೆ ಸಾಲದ ಹೊರೆಯಿಂದ ರಕ್ಷಣೆಯನ್ನೂ ಕರುಣಿಸಲಿ. ಆಮೀನ್.