ಗಾಜಿನ ತೊಟ್ಟಿಗೆ ಬಂದ ಮಳಿ

ಮಳಿ ಅಂದ್ರೆ ನಮ್ಮ ಬದಿಯವರಿಗೆ ಮೊದಲು ನೆನಪಾಗುವುದು ಸುಕ್ಕ. ಹೊಳೆ ಇಳಿತಕ್ಕೆ ಹೆಕ್ಕಿ ತಂದು, ತೊಳೆದು, ಬೇಯಿಸಿ, ಕಾಯಿ ಹಾಕಿ ಮಾಡುವ ಪದಾರ್ಥ. ಉಳಿದ ಚಿಪ್ಪು ಹಿಂದೆಲ್ಲ ಸುಣ್ಣದ ಭಟ್ಟಿಗೆ ಹೋಗ್ತಿತ್ತು. ಅದೇ ಮಳಿಯ ದೊಡ್ಡ ಜಾತಿಯೊಂದನ್ನು ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿಟ್ಟು ಮಗುವಿನ ಹಾಗೆ ಸಾಕುವವರೂ ಇದ್ದಾರೆ ಅಂತ ಗೊತ್ತಾದದ್ದು, ನಮ್ಮ ಸಂಬಂಧದ ಹುಡುಗಿಯೊಬ್ಬಳು ಆಸ್ಟ್ರೇಲಿಯಾದಿಂದ ಫೋಟೋ ಕಳಿಸಿದ ಮೇಲೆ. ನೀಲಿ, ಹಸಿರು, ಮೇಲೆ ಚುಕ್ಕಿ ಚುಕ್ಕಿ, ನವಿಲುಗರಿಯೇ ಅನ್ನಬೇಕು. ಇದನ್ನು ಸಾಕುವುದು ಹೇಗೆ ಮಾರಾಯ್ತಿ ಅಂತ ಹುಡುಕುತ್ತಾ ಹೋದ್ರೆ ಹಿಂದೆ ದೊಡ್ಡ ಚರಿತ್ರೆಯೇ ಉಂಟು. ಅದರಲ್ಲಿ ಹೆಂಗಸರ ಪಾಲು ಕಮ್ಮಿ ಇಲ್ಲ, ಅದಕ್ಕೇ ಬರೀತಾ ಇದ್ದೇನೆ.

ಸಮುದ್ರದ ಜೀವಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಿದ ಮೊದಲಿಗರಲ್ಲಿ ಒಬ್ಬಳು ಬಟ್ಟೆ ಹೊಲಿಯುವ ಹೆಂಗಸು. ಫ್ರಾನ್ಸಿನ ಹಳ್ಳಿಯಲ್ಲಿ 1794ರಲ್ಲಿ ಹುಟ್ಟಿದ ಝಾನ್ ವಿಲ್ಪ್ರೋ. ಪ್ಯಾರಿಸ್ಸಿಗೆ ಹೋಗಿ ಹೊಲಿಗೆ, ಕಸೂತಿ ಮಾಡಿಕೊಂಡಿದ್ದವಳು ಇಂಗ್ಲಿಷ್ ವ್ಯಾಪಾರಿಯನ್ನು ಮದುವೆಯಾಗಿ ಸಿಸಿಲಿ ದ್ವೀಪದ ಮೆಸ್ಸೀನಾಕ್ಕೆ ಬಂದಳು. ಅಲ್ಲಿನ ಸಮುದ್ರದಲ್ಲಿ ತೆಳು ಚಿಪ್ಪಿನೊಳಗೆ ಇರುವ ಒಂದು ಅಷ್ಟಪದಿ ಉಂಟು. ಆ ಚಿಪ್ಪು ಅದರದ್ದೇಯಾ, ಬೇರೆಯದರಿಂದ ಕದ್ದದ್ದಾ ಅಂತ ದೊಡ್ಡ ದೊಡ್ಡ ಪಂಡಿತರಿಗೇ ತಕರಾರು. ಈಯಮ್ಮ 1832ರಲ್ಲಿ ಗಾಜಿನ ತೊಟ್ಟಿ ಮಾಡಿಸಿ, ಜೀವಂತ ಇಟ್ಟು, ದಿನಾ ಕೂತು ನೋಡಿ, ಚಿಪ್ಪು ಅದೇ ಕಟ್ಟಿಕೊಳ್ಳುವುದು ಅಂತ ತೋರಿಸಿಕೊಟ್ಟಳು.

ಎರಡನೆಯವರು ಲಂಡನ್ನಿನ ಆನಾ ಥಿನ್. ಗಂಡ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪಾದ್ರಿ. 1846ರಲ್ಲಿ ಟಾರ್ಕಿ ಎಂಬ ಕಡಲೂರಿಗೆ ಹೋದಾಗ ಕಲ್ಲುಹವಳ ನೋಡಿ ಆಸೆಪಟ್ಟು ಮನೆಗೆ ತಂದರು. ದಾರಿಯಲ್ಲಿ ಒಂದಕ್ಕೊಂದು ಬಡಿಯದ ಹಾಗೆ ಸೂಜಿ ದಾರದಲ್ಲಿ ಸ್ಪಂಜಿಗೆ ಹೊಲಿದುಕೊಂಡು ತಂದರಂತೆ! ಲಂಡನ್ನಿಗೆ ದಿನಾ ಹೊಸ ಸಮುದ್ರದ ನೀರು ಎಲ್ಲಿಂದ? ಇದ್ದ ನೀರನ್ನೇ ತೆರೆದ ಕಿಟಕಿಯ ಹತ್ತಿರ, ನಾವು ಕಾಫಿ ಆರಿಸುವ ಹಾಗೆ, ಪಾತ್ರೆಯಿಂದ ಪಾತ್ರೆಗೆ ಸುರಿದು ಗಾಳಿ ಸೇರಿಸುವುದು. ಒಂದು ಸಲಕ್ಕೆ ಅರ್ಧ ಮುಕ್ಕಾಲು ಗಂಟೆ. ಸುರಿದವಳು ಮನೆಯ ಕೆಲಸದ ಪುಟ್ಟ ಹುಡುಗಿ. ಆ ಕೆಲಸ ಅವಳಿಗೆ ಆಟದ ಹಾಗೆ ಇತ್ತು ಅಂತ ಯಜಮಾನ್ತಿ ಬರೆದಿದ್ದಾರೆ. ಹುಡುಗಿಯ ಕೈ ಎಂತ ಹೇಳ್ತಿತ್ತೋ! ಮಾರನೇ ವರ್ಷ ಕಡಲಪಾಚಿಯನ್ನೂ ನೀರಿಗೆ ಸೇರಿಸಿದರು. ಹವಳಗಳು ಮೂರು ವರ್ಷ ಬದುಕಿದವು, ಮರಿಯೂ ಆದವು. ಇವತ್ತು ತೊಟ್ಟಿಯ ಪಂಪು ಮಾಡುವ ಕೆಲಸವನ್ನು ಅವತ್ತು ಮಾಡಿದ್ದು ಆ ಹುಡುಗಿಯ ರಟ್ಟೆ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನಿನ ಮನೆ ತೆರೆದದ್ದು, 1854ರಲ್ಲಿ ಫಿಲಿಪ್ ಗಾಸ್ ಅಕ್ವೇರಿಯಮ್ ಬಗ್ಗೆ ಪುಸ್ತಕ ಬರೆದದ್ದು ಎಲ್ಲ ಆಮೇಲೆ.

ಗಾಳಿಯ ವಿಷಯ ಆಯಿತು, ಇನ್ನು ಬೆಳಕು. 1928–29ರಲ್ಲಿ ಮಾರಿಸ್ ಯಂಗ್ ಎಂಬ ವಿಜ್ಞಾನಿಯ ತಂಡ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿಗೆ ಹೋಯಿತು. ಅವರ ಹೆಂಡತಿಯೇ ತಂಡದ ಡಾಕ್ಟರು. ಅಲ್ಲಿನ ದೈತ್ಯ ಮಳಿ ಒಂದು ಮೀಟರಿಗಿಂತ ಉದ್ದ, 200 ಕಿಲೋಗಿಂತ ಹೆಚ್ಚು ತೂಕಕ್ಕೂ ಬೆಳೀತದೆ. ಅದರ ಬಣ್ಣದ ತುಟಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸ ಮಾಡ್ತದೆ. ಮಳಿ ಈ ಪಾಚಿಯನ್ನು ಬೆಳೆಸಿ ತಿನ್ನುವುದು ಅಂತ ಯಂಗ್ ತಿಳಿದಿದ್ದರು. ಪಾಚಿ ಬಿಸಿಲಲ್ಲಿ ಸಕ್ಕರೆ ಮಾಡಿ ಮಳಿಗೆ ಕೊಡ್ತದೆ ಅಂತ ಆಮೇಲಿನವರು ಕಂಡುಕೊಂಡರು. ನೀರು ಸೋಸಿಯೂ ತಿಂತದೆ, ಆದರೆ ಬೆಳಕಿಲ್ಲದಿದ್ರೆ ಅದಕ್ಕೆ ಉಪವಾಸವೇ.

ಇದನ್ನೆಲ್ಲ ಮನೆಗೆ ಹೊಂದಿಸಿಕೊಟ್ಟವರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಒಬ್ಬರು. ಜೀವ ಇರುವ ಹವಳದ ಕಲ್ಲು, ಬಿಸಿಲು, ಸ್ವಲ್ಪ ಗಾಳಿಗುಳ್ಳೆ ಇದ್ದರೆ ತೊಟ್ಟಿ ತನ್ನನ್ನು ತಾನೇ ಶುದ್ಧ ಇಟ್ಟುಕೊಳ್ತದೆ ಅಂತ 1961ರಲ್ಲಿ ಬರೆದರು. ಇನ್ನು ಚಿಪ್ಪು ಬೆಳೆಯಲು ಕ್ಯಾಲ್ಸಿಯಂ ಬೇಕಲ್ಲ? ಅದಕ್ಕೆ 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಪ್ರಚಾರಕ್ಕೆ ತಂದ ಉಪಾಯ ಕಾಣಿ: ಸುಣ್ಣದ ತಿಳಿ! ಸುಣ್ಣ ಕದಡಿ, ತಂಗಲು ಬಿಟ್ಟು, ಮೇಲಿನ ತಿಳಿನೀರನ್ನು ತೊಟ್ಟಿಗೆ ತೊಟ್ಟು ತೊಟ್ಟಾಗಿ ಬಿಡುವುದು. ನಾವು ಚಿಪ್ಪು ಸುಟ್ಟು ಸುಣ್ಣ ಮಾಡಿದೆವು, ಅವರು ಸುಣ್ಣದಿಂದ ಚಿಪ್ಪು ಬೆಳೆಸಿದರು. ಹಾಗಂತ ವೀಳ್ಯದ ಡಬ್ಬಿಯ ಸುಣ್ಣ ಹಾಕುವುದಲ್ಲ, ಅದಕ್ಕೆ ಶುದ್ಧದ್ದೇ ಬೇಕು. ಒಮ್ಮೆಲೇ ಸುರಿದ್ರೆ ಖಾರ ಏರಿ ಇದ್ದದ್ದೂ ಸಾಯ್ತದೆ.

ಇಷ್ಟರಲ್ಲಿ ಸಮುದ್ರದ ಮಳಿಗೇ ಕಷ್ಟ ಬಂದಿತ್ತು. 1960ರ ನಂತರ ಪೆಸಿಫಿಕ್ ದ್ವೀಪಗಳಿಗೆ ಕಳ್ಳದೋಣಿಗಳು ಬಂದು, ಒಳಗಿನ ಗಟ್ಟಿ ಸ್ನಾಯು ಒಂದನ್ನೇ ಕುಯ್ದುಕೊಂಡು ಉಳಿದದ್ದನ್ನು ಬಿಟ್ಟು ಹೋಗ್ತಿದ್ದವು. ಕೆಲವು ದ್ವೀಪಗಳಲ್ಲಿ ದೊಡ್ಡ ಜಾತಿ ಪೂರ್ತಿ ಕಾಣೆಯಾಯಿತು. 1983ರಲ್ಲಿ ಎರಡು ಜಾತಿ, 1985ರಲ್ಲಿ ಇಡೀ ಕುಟುಂಬ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿತು. ಅದೇ ದಶಕದಲ್ಲಿ ಪಲಾವು ದೇಶದಲ್ಲಿ ಜೆರಾಲ್ಡ್ ಹೆಸ್ಲಿಂಗಾ ಮತ್ತು ಜೊತೆಗಾರರು ತೊಟ್ಟಿಯಲ್ಲೇ ಮೊಟ್ಟೆ ಇಡಿಸಿ ಮರಿ ಬೆಳೆಸುವುದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದರು. ಹಾಗೆ ತೊಟ್ಟಿಯಲ್ಲಿ ಹುಟ್ಟಿದ ಮರಿಗಳನ್ನು ಈಗ ಹೊರದೇಶದ ಮನೆಗಳಲ್ಲಿ ಸಾಕ್ತಾರೆ.

ನಮ್ಮ ಲಕ್ಷದ್ವೀಪ, ಅಂಡಮಾನಿನಲ್ಲೂ ಇದರ ಜಾತಿಗಳು ಉಂಟು. 2001ರಲ್ಲಿ ಸರಕಾರ ಅವನ್ನು ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಗೆ, ಅಂದ್ರೆ ಹುಲಿ ಇರುವ ಪಟ್ಟಿಗೇ ಹಾಕಿತು. ದ್ವೀಪಕ್ಕೆ ಟೂರು ಹೋದವರು ಚಂದ ಅಂತ ಚಿಪ್ಪು ಚೀಲಕ್ಕೆ ಹಾಕಿಕೊಂಡು ಬರುವ ಹಾಗಿಲ್ಲ. ಮಕ್ಕಳಿಗೂ ಹೇಳಿ.

ಹೊರದೇಶದಲ್ಲಿ ಸಾಕುವ ನಮ್ಮ ಮಕ್ಕಳಿಗೆ ಇಷ್ಟು ಮಾತು. ತರುವಾಗ ತೊಟ್ಟಿಯಲ್ಲಿ ಹುಟ್ಟಿದ್ದಾ, ಸಮುದ್ರದಿಂದ ಕಿತ್ತದ್ದಾ ಅಂತ ಮೊದಲು ಕೇಳಿ. ತೊಟ್ಟಿ ಹೊಸತಾಗಿದ್ರೆ ಕೆಲವು ತಿಂಗಳು ಹದಕ್ಕೆ ಬರಲು ಬಿಡಿ. ನೀರು 25–27 ಡಿಗ್ರಿ, ಕ್ಯಾಲ್ಸಿಯಂ ಲೀಟರಿಗೆ 400–450 ಮಿಲಿಗ್ರಾಂ ಇರಲಿ, ಬೆಳಕು ಜೋರಿರಲಿ. ಕಲ್ಲಿಗೆ ನೂಲು ಬಿಟ್ಟು ಕಚ್ಚಿ ಕೂತದ್ದನ್ನು ಎಳೆದು ಕೀಳಬೇಡಿ, ಬುಡ ಹರಿದ್ರೆ ಉಳಿಯುವುದು ಕಷ್ಟ. ಬುಡದಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ಹುಳ್ಳೆ ಕಂಡ್ರೆ ಅದು ರಸ ಹೀರುವ ಜಾತಿಯದ್ದಿರಬಹುದು, ಬ್ರಶ್ಶಿನಲ್ಲಿ ಉಜ್ಜಿ ತೆಗೀರಿ. ಕೈ ನೆರಳು ಬಿದ್ದ ಕೂಡಲೇ ಮಳಿ ಮುಚ್ಚಿಕೊಂಡ್ರೆ, ಚಿಪ್ಪಿನ ಅಂಚಿನಲ್ಲಿ ಹೊಸ ಬಿಳಿ ಗೆರೆ ಕಂಡ್ರೆ ಅದು ಸುಖವಾಗಿದೆ. ಬಾಯಿ ಅಗಲ ತೆರೆದುಕೊಂಡು ನೆರಳಿಗೂ ಅಲುಗದಿದ್ರೆ ತಡಮಾಡದೆ ನೀರು ಪರೀಕ್ಷೆ ಮಾಡಿ. ಹಸಿವಾದ್ರೂ ನೋವಾದ್ರೂ ಕೂಗುವ ಜೀವಿ ಅಲ್ಲ ಅದು, ದಿನಕ್ಕೊಮ್ಮೆ ಹತ್ತಿರ ಕೂತು ನೋಡಿದವರಿಗೇ ಗೊತ್ತಾಗುವುದು.